ದಂಡಿಗೆ ಯಜಮಾನರು ಯಾರು?



ಸುರೇಬಾನ ಅಂದರೆ ನಮ್ಮ ಭಾಗದ ಹೆಚ್ಚಿನವರಿಗೆ ಶಬರಿಕೊಳ್ಳ ನೆನಪಾಗುತ್ತದೆ. ಇತಿಹಾಸ ಓದಿದವರಿಗೆ 1858ರ ಮೇ 29ರ ರಾತ್ರಿ ನೆನಪಾಗುತ್ತದೆ. ದಕ್ಷಿಣ ಮರಾಠಾ ಪ್ರಾಂತದ ಹಂಗಾಮಿ ಪೊಲಿಟಿಕಲ್ ಏಜೆಂಟ್ ಚಾರ್ಲ್ಸ್ ಮ್ಯಾನ್ಸನ್ ರಾಮದುರ್ಗದಿಂದ ಹೊರಟು ಆ ರಾತ್ರಿ ಸುರೇಬಾನದಲ್ಲಿ ತಂಗಿದ್ದ. ಜೊತೆಗಿದ್ದದ್ದು ಸಣ್ಣದೊಂದು ಕುದುರೆ ಸವಾರರ ತುಕಡಿ. ನರಗುಂದದ ಕಡೆ ಹೋಗಬೇಡಿ ಎಂದು ರಾಮದುರ್ಗದ ಸಂಸ್ಥಾನಿಕರು ಮೊದಲೇ ಎಚ್ಚರಿಸಿದ್ದರು. ಅವರು ನರಗುಂದದ ಸಂಸ್ಥಾನಿಕ ಬಾಬಾಸಾಹೇಬರ ಮಲಸಹೋದರರು, ಅಣ್ಣನ ಮನಸ್ಸಿನಲ್ಲಿ ಏನು ಕುದಿಯುತ್ತಿದೆ ಎಂಬುದು ಅವರಿಗೆ ಗೊತ್ತಿತ್ತು. ಕತ್ತಲಲ್ಲಿ ಬಾಬಾಸಾಹೇಬರ ಜನ ಬಂದು ಸುತ್ತುವರಿದರು. ಮ್ಯಾನ್ಸನ್ ಹತನಾದ. ಅವನ ತಲೆಯನ್ನು ನರಗುಂದಕ್ಕೆ ಒಯ್ದು ಊರ ಬಾಗಿಲಿಗೆ ತೂಗುಹಾಕಿದರು. ಜೂನ್ ತಿಂಗಳು ಹುಟ್ಟುತ್ತಲೇ ಕಂಪನಿಯ ಪಡೆ ನರಗುಂದದ ಮೇಲೆ ಬಂತು. ಜೂನ್ 12ರಂದು ಬೆಳಗಾವಿಯಲ್ಲಿ ಬಾಬಾಸಾಹೇಬರನ್ನು ಗಲ್ಲಿಗೇರಿಸಲಾಯಿತು.

ಈ ಕಥೆಯನ್ನು ನಾವು ಶಾಲೆಯಲ್ಲಿ ಬಂಡಾಯದ ಕಥೆಯಾಗಿ ಓದಿದ್ದೇವೆ. ಅದು ಬಂಡಾಯದ ಕಥೆಯೇ, ಅದರಲ್ಲಿ ತಕರಾರಿಲ್ಲ. ಆದರೆ ಇವತ್ತು ನಿಮ್ಮ ಗಮನವನ್ನು ನಾನು ಬೇರೊಂದು ಕಡೆ ಎಳೆಯಬೇಕು. ಈ ಮ್ಯಾನ್ಸನ್ ಸಿಪಾಯಿ ಅಲ್ಲ, ಕ್ಯಾಪ್ಟನ್ ಅಲ್ಲ, ಕರ್ನಲ್ ಅಲ್ಲ. ಮುಂಬೈ ಸಿವಿಲ್ ಸರ್ವಿಸಿನ ನೌಕರ. ಅದಕ್ಕೂ ಮುಂಚೆ ಇನಾಮು ಕಮಿಷನ್ನಿನಲ್ಲಿ ಕೂತು ದೇಶಗತಿಯವರ, ಇನಾಮುದಾರರ ಸನದುಗಳನ್ನು ತಿರುವಿಹಾಕಿ, ಇದು ಖರೆ, ಇದು ಖೊಟ್ಟಿ ಎಂದು ಬರೆದವನು. ನಮ್ಮ ಕಡೆಯ ಎಷ್ಟೋ ಮನೆತನಗಳ ಹೊಟ್ಟೆಗೆ ಬೆಂಕಿ ಬಿದ್ದದ್ದು ಅಲ್ಲಿಂದ. ಅವನ ಹಿಂದೆ ಕುದುರೆ ಏರಿ ಬಂದ ಸವಾರರು ಅವನ ಮಾತು ಕೇಳುತ್ತಿದ್ದರು. ಅಂದರೆ ದಂಡು ಮುಲ್ಕಿ ಅಧಿಕಾರಿಯ ಕೈಯಲ್ಲಿತ್ತು.

ಅದಕ್ಕೆ ಮೂವತ್ತನಾಲ್ಕು ವರ್ಷ ಹಿಂದೆ, ಇದೇ ಬೆಳಗಾವಿ ಸೀಮೆಯ ಕಿತ್ತೂರಿನಲ್ಲಿ ಆದದ್ದೂ ಹಾಗೆಯೇ. 1824ರ ಅಕ್ಟೋಬರ್ 23ರಂದು ಕೋಟೆಯ ಮುಂದೆ ಬಿದ್ದ ಥ್ಯಾಕರೆ ಧಾರವಾಡದ ಕಲೆಕ್ಟರ್. ತೋಪುಖಾನೆಯನ್ನು ತಂದು ನಿಲ್ಲಿಸಿದವನು ಕಂದಾಯದ ಸಾಹೇಬ. ಸೈನ್ಯದ ಅಧಿಕಾರಿಗಳು ಅವನ ಮಾತಿಗೆ ಕಾದಿದ್ದರು.

ಹಾಗಿದ್ದರೆ, ಸೈನ್ಯ ನಾಗರಿಕ ಅಧಿಕಾರಕ್ಕೆ ಒಳಪಟ್ಟಿರಬೇಕು ಎಂದು ನಾವು ಇವತ್ತು ದೊಡ್ಡ ತತ್ವದಂತೆ ಹೇಳುವುದು ಕಂಪನಿ ಸರಕಾರದಲ್ಲಿ ಆಗಲೇ ಇತ್ತಲ್ಲ? ಇತ್ತು. ಆದರೂ ಅದನ್ನು ಪ್ರಜಾಪ್ರಭುತ್ವ ಎಂದು ಯಾರೂ ಅನ್ನುವುದಿಲ್ಲ. ಸಿಪಾಯಿ ಮ್ಯಾನ್ಸನ್‌ನ ಮಾತು ಕೇಳುತ್ತಿದ್ದ, ಸರಿ. ಮ್ಯಾನ್ಸನ್ ಯಾರ ಮಾತು ಕೇಳುತ್ತಿದ್ದ? ಅವನ ಮೇಲಿದ್ದ ಲೆ ಗ್ರ್ಯಾಂಡ್ ಜೇಕಬ್ ಒಬ್ಬ ಕರ್ನಲ್. ಜೇಕಬ್‌ನ ಮೇಲೆ ಮುಂಬೈ ಗವರ್ನರ್, ಅವನ ಮೇಲೆ ಕಲಕತ್ತೆ, ಅದರ ಮೇಲೆ ಲಂಡನ್. ಆ ಏಣಿಯ ಯಾವ ಮೆಟ್ಟಿಲ ಮೇಲೂ ಸುರೇಬಾನದ ರೈತನಾಗಲಿ ನೇಕಾರನಾಗಲಿ ಇರಲಿಲ್ಲ. ಕೋಟು ತೊಟ್ಟವನು ಸಮವಸ್ತ್ರದವನಿಗೆ ಹುಕುಂ ಕೊಟ್ಟ ಮಾತ್ರಕ್ಕೆ ಮುಗಿಯುವುದಿಲ್ಲ, ಆ ಕೋಟಿನವನು ಜನಕ್ಕೆ ಲೆಕ್ಕ ಒಪ್ಪಿಸಬೇಕು ಎಂಬುದು ನನ್ನ ಮಾತು. ಈ ಎರಡನೆಯ ಅರ್ಧವನ್ನು ನಾವು ಆಗಾಗ ಮರೆಯುತ್ತೇವೆ.

ಬ್ರಿಟಿಷರ ಕಾಲದಲ್ಲಿ ಮೊದಲ ಅರ್ಧವೂ ಕೊನೆಯವರೆಗೆ ಗಟ್ಟಿಯಾಗಿ ಉಳಿಯಲಿಲ್ಲ. ವೈಸರಾಯ್ ಕರ್ಜನ್‌ಗೂ ಕಮಾಂಡರ್ ಇನ್ ಚೀಫ್ ಕಿಚನರ್‌ಗೂ ಜಗಳ ಬಿದ್ದು 1905ರಲ್ಲಿ ರಾಜೀನಾಮೆ ಕೊಟ್ಟು ಹೋದವನು ವೈಸರಾಯ್, ಉಳಿದವನು ಕಿಚನರ್. ಆಮೇಲಿನ ದಿನಗಳಲ್ಲಿ ದಿಲ್ಲಿಯಲ್ಲಿ ವೈಸರಾಯ್‌ನ ನಂತರದ ದೊಡ್ಡ ಗಾದಿ ದಂಡನಾಯಕನದು. ಸೈನ್ಯದ ಮುಖ್ಯಸ್ಥನೂ ಅವನೇ, ಸರಕಾರದ ಒಳಗೆ ಕೂತು ಸೈನ್ಯದ ಖರ್ಚಿಗೆ ಒಪ್ಪಿಗೆ ಕೊಡುವ ಸದಸ್ಯನೂ ಅವನೇ. ಕೇಳುವವನೂ ಅವನೇ, ಕೊಡುವವನೂ ಅವನೇ ಆದರೆ ಲೆಕ್ಕ ಹಿಡಿಯುವವರು ಯಾರು?

ಸ್ವತಂತ್ರ ಭಾರತ ಮುರಿದದ್ದು ಈ ಕಟ್ಟನ್ನು. ಅದನ್ನು ಮುರಿದ ರೀತಿಯೂ ನೋಡಬೇಕಾದದ್ದು. ಭಾಷಣ ಮಾಡಿ ಮುರಿಯಲಿಲ್ಲ, ಸದ್ದಿಲ್ಲದೆ ಒಂದೊಂದೇ ಹಲಗೆ ಬಿಚ್ಚಿದರು. 1946ರ ಸೆಪ್ಟೆಂಬರಿನ ಮಧ್ಯಂತರ ಸರಕಾರದಲ್ಲೇ ರಕ್ಷಣಾ ಖಾತೆ ಬಲದೇವ್ ಸಿಂಗರ ಕೈಗೆ ಬಂತು. ದಂಡನಾಯಕನಿಗೆ ಮಂತ್ರಿಮಂಡಲದಲ್ಲಿ ಕುರ್ಚಿ ಇಲ್ಲವಾಯಿತು. ದಿಲ್ಲಿಯಲ್ಲಿ ದಂಡನಾಯಕನಿಗೆಂದೇ ಕಟ್ಟಿಸಿದ್ದ ಫ್ಲ್ಯಾಗ್‌ಸ್ಟಾಫ್ ಹೌಸ್ ಎಂಬ ಭವ್ಯ ಬಂಗಲೆಗೆ 1948ರಲ್ಲಿ ಪ್ರಧಾನಿ ನೆಹರು ವಾಸಕ್ಕೆ ಬಂದರು. ನಾವು ತೀನ್ ಮೂರ್ತಿ ಭವನ ಎನ್ನುವುದು ಅದನ್ನೇ. ಮನೆ ಬದಲಾಯಿಸಿದ್ದು ಸಣ್ಣ ಸಂಗತಿಯಂತೆ ಕಾಣಬಹುದು. ಆದರೆ ವಾಡೆ ಯಾರ ಕೈಯಲ್ಲಿದೆ ಎಂಬುದರಿಂದಲೇ ಒಡೆತನ ಯಾರದು ಎಂದು ಅಳೆಯುವ ನಮ್ಮ ಸಂಸ್ಥಾನದ ಊರುಗಳ ಜನಕ್ಕೆ ಇದರ ತೂಕ ಬೇರೆ ಹೇಳಬೇಕಾಗಿಲ್ಲ.

1950ರ ಸಂವಿಧಾನದ 53ನೆಯ ವಿಧಿ ಮೂರೂ ಪಡೆಗಳ ಸರ್ವೋಚ್ಚ ಅಧಿಪತ್ಯವನ್ನು ರಾಷ್ಟ್ರಪತಿಗೆ ಕೊಟ್ಟು, ಅದನ್ನು ಕಾನೂನಿನ ಪ್ರಕಾರವೇ ಚಲಾಯಿಸಬೇಕು ಎಂದಿತು. ಆ ಕಾನೂನು ಮಾಡುವುದು ಸಂಸತ್ತು. 1955ರಲ್ಲಿ ಕಮಾಂಡರ್ ಇನ್ ಚೀಫ್ ಎಂಬ ಪದವಿಯೇ ಹೋಯಿತು. ಭೂಸೇನೆ, ನೌಕಾಸೇನೆ, ವಾಯುಸೇನೆಗೆ ಬೇರೆ ಬೇರೆ ಮುಖ್ಯಸ್ಥರು, ಮೂವರೂ ಸರಿಸಮಾನರು. ಒಬ್ಬರ ಕೈಯಲ್ಲೇ ಎಲ್ಲ ಕೋವಿಗಳೂ ಸೇರಬಾರದೆಂಬ ಮುಂದಾಲೋಚನೆ ಇದರ ಹಿಂದಿತ್ತು ಎಂದು ತಿಳಿಯುವುದು ಕಷ್ಟವಲ್ಲ.

ಇದೆಲ್ಲ ದಿಲ್ಲಿಯ ಮಾತಾಯಿತು. ಹೊಸ ದೇಶದಲ್ಲಿ ಸೈನ್ಯಾಧಿಕಾರಿಯೇ ರಾಜ್ಯ ಆಳಿದ್ದು ನಮ್ಮ ಕನ್ನಡ ನೆಲದಲ್ಲೇ ಇದೆ. ಬೀದರ, ಕಲಬುರಗಿ, ರಾಯಚೂರು ಅಂದು ನಿಜಾಮನ ಹೈದರಾಬಾದ್ ರಾಜ್ಯಕ್ಕೆ ಸೇರಿದ್ದವು. 1948ರ ಸೆಪ್ಟೆಂಬರ್ 13ರಂದು ಭಾರತದ ಸೈನ್ಯ ಒಳಹೊಕ್ಕು 17ರ ಹೊತ್ತಿಗೆ ಕೆಲಸ ಮುಗಿಸಿತು. ಅದಕ್ಕೆ ಪೊಲೀಸ್ ಕಾರ್ಯಾಚರಣೆ ಎಂದು ಹೆಸರಿಟ್ಟರೂ ನಡೆಸಿದವರು ಟ್ಯಾಂಕಿನವರು. ಮೇಜರ್ ಜನರಲ್ ಜೆ.ಎನ್. ಚೌಧುರಿ ಮಿಲಿಟರಿ ಗವರ್ನರ್ ಆದರು. 1949ರ ಕೊನೆಯವರೆಗೂ ಆ ಮೂರು ಕನ್ನಡ ಜಿಲ್ಲೆಗಳು ಜನರಲ್ ಒಬ್ಬರ ಆಡಳಿತದಲ್ಲಿದ್ದವು. ಆಮೇಲೆ ಬಂದವರು ಸಿವಿಲ್ ಸರ್ವಿಸಿನ ಎಂ.ಕೆ. ವೆಲ್ಲೋಡಿ. 1952ರ ಚುನಾವಣೆ ಆದ ಮೇಲೆ ಬೂರ್ಗುಲ ರಾಮಕೃಷ್ಣರಾವ್ ಅವರ ಜನಾಯ್ಕೆಯ ಸರಕಾರ ಬಂತು. ಜನರಲ್, ಆಮೇಲೆ ಅಧಿಕಾರಿ, ಆಮೇಲೆ ಜನಪ್ರತಿನಿಧಿ. ಚೌಧುರಿಯವರು ಮರಳಿ ತಮ್ಮ ಪಡೆಗೆ ಹೋದರು, ಮುಂದೆ ಭೂಸೇನೆಯ ಮುಖ್ಯಸ್ಥರೂ ಆದರು. ಜಗತ್ತಿನ ಎಷ್ಟೋ ಹೊಸ ದೇಶಗಳಲ್ಲಿ ಇಂಥ ಜನರಲ್‌ಗಳು ಕೂತ ಕುರ್ಚಿ ಬಿಟ್ಟು ಏಳಲೇ ಇಲ್ಲ.

ಇಷ್ಟು ಹೇಳಿ ಚಪ್ಪಾಳೆ ತಟ್ಟಿಬಿಟ್ಟರೆ ಅರ್ಧ ಸತ್ಯವಾಗುತ್ತದೆ. ಆ ಕಾರ್ಯಾಚರಣೆಯ ಹೊತ್ತಿನಲ್ಲೂ ಅದರ ಬೆನ್ನಿಗೂ ಆ ಜಿಲ್ಲೆಗಳಲ್ಲಿ ಮುಸ್ಲಿಮರ ಮೇಲೆ ಘೋರ ಹಿಂಸೆ ನಡೆಯಿತು. ಅದನ್ನು ನೋಡಿಬರಲು ಕೇಂದ್ರ ಸರಕಾರವೇ ಪಂಡಿತ ಸುಂದರಲಾಲರ ತಂಡವನ್ನು ಕಳಿಸಿತು. ತಂಡ ವರದಿ ಕೊಟ್ಟಿತು. ಆ ವರದಿಯನ್ನು ದಶಕಗಳ ಕಾಲ ಜನರ ಕಣ್ಣಿಗೆ ಬೀಳದಂತೆ ಇಡಲಾಯಿತು. ಮುಚ್ಚಿಟ್ಟವರು ಸೈನ್ಯದವರಲ್ಲ, ನಾವು ಆರಿಸಿದ ಸರಕಾರಗಳು. ಎರಡನೆಯ ಅರ್ಧ ಎಂದೆನಲ್ಲ, ಅದು ಸಡಿಲವಾದರೆ ಹೀಗಾಗುತ್ತದೆ.

ಈಗ ಕೊಡಗಿಗೆ ಹೋಗೋಣ. 1949ರ ಜನವರಿ 15ರಂದು ಜನರಲ್ ಬುಚರ್ ಅವರಿಂದ ಅಧಿಕಾರ ವಹಿಸಿಕೊಂಡು ಭಾರತದ ಭೂಸೇನೆಯ ಮೊದಲ ಭಾರತೀಯ ದಂಡನಾಯಕರಾದವರು ಕೆ.ಎಂ. ಕಾರ್ಯಪ್ಪ. ಆ ದಿನವನ್ನೇ ಇಂದಿಗೂ ಸೇನಾ ದಿನವಾಗಿ ಆಚರಿಸುತ್ತಾರೆ. ಅದೇ ಕೊಡಂದೇರ ಮನೆತನದ ಇನ್ನೊಬ್ಬರು ಕೆ.ಎಸ್. ತಿಮ್ಮಯ್ಯ, 1957ರಲ್ಲಿ ಭೂಸೇನೆಯ ಮುಖ್ಯಸ್ಥರಾದರು. ಒಂದು ಪುಟ್ಟ ನಾಡಿನ ಒಂದೇ ಮನೆತನದಿಂದ ಒಂಬತ್ತು ವರ್ಷದೊಳಗೆ ಇಬ್ಬರು! ಕಾರ್ಯಪ್ಪನವರು ಶಿಸ್ತಿನ ಮೂರ್ತಿ, ಆದರೆ ಮಾತು ಜಾಸ್ತಿ. ದೇಶದ ಆರ್ಥಿಕ ನೀತಿಯಿಂದ ಹಿಡಿದು ಎಲ್ಲದರ ಬಗ್ಗೆಯೂ ಅಭಿಪ್ರಾಯ ಹೇಳುತ್ತಿದ್ದರು. ಅದಕ್ಕೆ ನೆಹರು ಅವರಿಗೆ ಎಚ್ಚರಿಕೆಯ ಮಾತು ಹೇಳಿದ್ದೂ ಉಂಟು. 1953ರಲ್ಲಿ ನಿವೃತ್ತರಾದ ಕೂಡಲೇ ಅವರನ್ನು ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗೆ ಹೈಕಮಿಷನರ್ ಮಾಡಿ ಕಳಿಸಲಾಯಿತು. ಗೌರವದ ಹುದ್ದೆ, ದೂರದ ಊರು! ಮುಂದೆ, ದೇಶದ ರಾಜಕೀಯ ನೋಡಿ ಬೇಸತ್ತು, ಕೆಲಕಾಲ ರಾಷ್ಟ್ರಪತಿ ಆಳ್ವಿಕೆ ಬರಲಿ, ಸೈನ್ಯದ ಸಹಾಯ ಇರಲಿ ಎಂಬ ಧಾಟಿಯಲ್ಲೂ ಅವರು ಮಾತಾಡಿದರು. ಆದರೆ ಅಧಿಕಾರ ಬೇಕೆನಿಸಿದಾಗ ಆ ಮನುಷ್ಯ ಮಾಡಿದ್ದೇನು? 1971ರ ಲೋಕಸಭೆ ಚುನಾವಣೆಗೆ ಮುಂಬೈಯಿಂದ ನಾಮಪತ್ರ ಹಾಕಿ, ಮತ ಕೇಳಿ, ಸೋತು, ಮನೆಗೆ ಬಂದರು. ಅವರ ಸೋಲು ನನಗೆ ಅವರ ಎಷ್ಟೋ ಪದಕಗಳಿಗಿಂತ ದೊಡ್ಡದಾಗಿ ಕಾಣುತ್ತದೆ.

ವಿಭಜನೆಗೆ ಮುಂಚೆ ಕಾರ್ಯಪ್ಪನವರ ಕೈಕೆಳಗೆ ಕೆಲಸ ಮಾಡಿದ್ದ ಅಧಿಕಾರಿಗಳಲ್ಲಿ ಅಯೂಬ್ ಖಾನ್ ಒಬ್ಬ. 1958ರ ಅಕ್ಟೋಬರಿನಲ್ಲಿ ಪಾಕಿಸ್ತಾನದಲ್ಲಿ ಮಾರ್ಷಲ್ ಲಾ ಬಂತು, ತಿಂಗಳು ಮುಗಿಯುವುದರೊಳಗೆ ಅಯೂಬ್ ದೇಶದ ಒಡೆಯನಾದ. ಅವನೂ ತಿಮ್ಮಯ್ಯನವರೂ ಇಂಗ್ಲೆಂಡಿನ ಸ್ಯಾಂಡ್‌ಹರ್ಸ್ಟ್‌ನಲ್ಲಿ ಕಲಿತವರು. ಒಂದೇ ಮೆಸ್ಸಿನ ಊಟ, ಒಂದೇ ಕವಾಯತು, ಒಂದೇ ರೂಲು ಪುಸ್ತಕ. ಹಾಗಾದರೆ ಗಡಿಯ ಆಚೆ ಒಂದು, ಈಚೆ ಒಂದು ಯಾಕಾಯಿತು? ನಮ್ಮ ಜನರಲ್‌ಗಳು ಸಂಭಾವಿತರು, ಅವರ ಜನರಲ್‌ಗಳು ದುಷ್ಟರು ಎಂಬ ಉತ್ತರ ಸಾಲದು. ಇಲ್ಲಿ ಹಳ್ಳಿಹಳ್ಳಿಗೆ ಬೇರಿಳಿದ ಪಕ್ಷ ಇತ್ತು, 1950ಕ್ಕೆ ಸಂವಿಧಾನ ಬಂತು, 1952ರ ಹೊತ್ತಿಗೆ ಇಡೀ ದೇಶ ಒಮ್ಮೆ ಮತ ಹಾಕಿ ಮುಗಿಸಿತ್ತು. ಅಲ್ಲಿ ಸಂವಿಧಾನ ಬರೆಯುವುದಕ್ಕೇ 1956 ಆಯಿತು. ಅದು ಬಂದ ಮೇಲೂ ಚುನಾವಣೆ ಆಗುವ ಮೊದಲೇ ಬೂಟಿನ ಸದ್ದು ಕೇಳಿತು. ಖಾಲಿ ಬಿಟ್ಟ ಕುರ್ಚಿಯ ಮೇಲೆ ಯಾರಾದರೂ ಕೂಡುತ್ತಾರೆ.

ಅಯೂಬ್ ಅಧಿಕಾರ ಹಿಡಿದು ವರ್ಷ ತುಂಬುವ ಮುಂಚೆ, 1959ರ ಆಗಸ್ಟ್ 31ರಂದು, ತಿಮ್ಮಯ್ಯನವರು ರಾಜೀನಾಮೆ ಕೊಟ್ಟರು. ರಕ್ಷಣಾ ಮಂತ್ರಿ ಕೃಷ್ಣ ಮೆನನ್ ಅವರ ಜೊತೆ ಬಹಳ ದಿನದ ಮನಸ್ತಾಪ. ಮೇಲಿನ ಹುದ್ದೆಗಳ ಬಡ್ತಿಯಲ್ಲಿ ಮಂತ್ರಿ ಕೈಹಾಕುತ್ತಾರೆ, ಮುಖ್ಯಸ್ಥರ ಮಾತಿಗೆ ಬೆಲೆ ಇಲ್ಲ ಎಂಬುದು ಅವರ ದೂರು. ನೆಹರು ಸಂಜೆಯೇ ಕರೆಸಿ ಸಮಾಧಾನ ಹೇಳಿದರು, ತಿಮ್ಮಯ್ಯ ರಾಜೀನಾಮೆ ಹಿಂದಕ್ಕೆ ತೆಗೆದುಕೊಂಡರು. ಆದರೆ ಮರುದಿನ ಸುದ್ದಿ ಪತ್ರಿಕೆಯಲ್ಲಿ ಬಂದುಬಿಟ್ಟಿತು. ಇಡೀ ದೇಶದಲ್ಲಿ ಗುಲ್ಲು. ಸೆಪ್ಟೆಂಬರ್ 2ರಂದು ನೆಹರು ಲೋಕಸಭೆಯಲ್ಲಿ ಎದ್ದು ನಿಂತು, ನಾಗರಿಕ ಅಧಿಕಾರವೇ ಮೇಲು, ಅದು ಮೇಲಾಗಿಯೇ ಇರಬೇಕು ಎಂದು ಸಾರಿದರು. ಜನರಲ್ ಅವರ ದೂರುಗಳು ಸಣ್ಣವು, ಸ್ವಭಾವದ ತಿಕ್ಕಾಟದಿಂದ ಬಂದವು ಎಂಬ ಅರ್ಥದಲ್ಲಿ ಮಾತಾಡಿದರು.

ಈ ಪ್ರಸಂಗದಲ್ಲಿ ನನಗೆ ಕಾಣುವುದು ಹೀಗೆ. ತತ್ವದಲ್ಲಿ ನೆಹರು ಮಾಡಿದ್ದು ಸರಿ. ಜನರಲ್ ಒಬ್ಬರು ರಾಜೀನಾಮೆ ಕೈಯಲ್ಲಿ ಹಿಡಿದು ಮಂತ್ರಿಯನ್ನು ಬದಲಾಯಿಸುವಂತಾದರೆ, ಮುಂದಿನ ಜನರಲ್ ಪಿಸ್ತೂಲು ಹಿಡಿದು ಪ್ರಧಾನಿಯನ್ನು ಬದಲಾಯಿಸಬಹುದು. ತಿಮ್ಮಯ್ಯನವರೂ ಆ ಗೆರೆಯನ್ನು ಗೌರವಿಸಿದರು. ಮಾನ ಹೋದರೂ 1961ರಲ್ಲಿ ನಿವೃತ್ತಿಯಾಗುವವರೆಗೆ ಬಾಯಿ ಬಿಡದೆ ಕೆಲಸ ಮಾಡಿದರು. ಆಮೇಲೆ ವಿಶ್ವಸಂಸ್ಥೆಯ ಶಾಂತಿಪಡೆಯ ನಾಯಕರಾಗಿ ಸೈಪ್ರಸ್‌ಗೆ ಹೋಗಿ 1965ರಲ್ಲಿ ಅಲ್ಲೇ ತೀರಿಕೊಂಡರು. ಆದರೆ ದೂರಿನ ಹೂರಣ ಏನಾಯಿತು? ಬಡ್ತಿಯಲ್ಲಿ ತಾರತಮ್ಯ ಆಗುತ್ತಿದೆಯೇ, ಚೀನದ ಗಡಿಯಲ್ಲಿ ಸಿಪಾಯಿಗೆ ಬೆಚ್ಚನೆಯ ಅಂಗಿ ಇದೆಯೇ ಎಂದು ಸದನ ಕೆದಕಿ ಕೇಳಬೇಕಿತ್ತು. ನಾಗರಿಕ ಅಧಿಕಾರ ಮೇಲು ಎಂಬ ಒಂದು ಮಾತಿನ ಕೆಳಗೆ ಅದೆಲ್ಲ ಮುಚ್ಚಿಹೋಯಿತು. 1962ರ ಚಳಿಗಾಲದಲ್ಲಿ ಅದಕ್ಕೆ ಬೆಲೆ ತೆತ್ತವರು ಹತ್ತಿ ಅಂಗಿಯಲ್ಲಿ ಹಿಮದ ಮೇಲೆ ನಿಂತ ಜವಾನರು. ಆ ನವೆಂಬರಿನಲ್ಲಿ ಮೆನನ್ ಹೋದರು, ಕರಾಡದ ಯಶವಂತರಾವ್ ಚವ್ಹಾಣ್ ಬಂದರು. ಗಡಿ ತಂಟೆಯ ಕಾರಣಕ್ಕೆ ಬೆಳಗಾವಿಯವರಿಗೆ ಚವ್ಹಾಣರ ಹೆಸರು ಅಷ್ಟೇನೂ ಸಿಹಿಯಲ್ಲ. ಆದರೆ ರಕ್ಷಣಾ ಮಂತ್ರಿಯಾಗಿ ಅವರು ಮೂರೂ ಪಡೆಗಳ ಮುಖ್ಯಸ್ಥರನ್ನು ಬೆಳಗಿನ ಸಭೆಗೆ ಕರೆದು ಮಾತು ಕೇಳುವ ಪದ್ಧತಿ ಹಾಕಿದರು ಎಂಬುದನ್ನು ಒಪ್ಪಲೇಬೇಕು.

ನಾಗರಿಕ ಅಧಿಕಾರ ಮೇಲು ಎಂದರೆ ಕೆಲಸದ ಹಂಚಿಕೆಯೂ ಹೌದು: ಸೈನ್ಯ ಬೇಕೋ ಬೇಡವೋ ಎಂದು ಹೇಳುವವನು ಒಬ್ಬ, ಅದು ಹೇಗೆ ಕೆಲಸ ಮಾಡಬೇಕು ಎಂದು ತೀರ್ಮಾನಿಸುವವನು ಇನ್ನೊಬ್ಬ. ಇದು ನಮ್ಮ ಕಾನೂನಿನಲ್ಲೇ ಇದೆ. ದಿಲ್ಲಿವರೆಗೆ ಹೋಗುವುದೇ ಬೇಡ, ತಾಲ್ಲೂಕು ಕಚೇರಿವರೆಗೆ ಬಂದರೆ ಸಾಕು. ನೀವು ರಾಮದುರ್ಗದ ತಹಶೀಲ್ದಾರರನ್ನು ಉತಾರ, ಆದಾಯ ಪ್ರಮಾಣಪತ್ರ ಕೊಡುವವರೆಂದು ಬಲ್ಲಿರಿ. ಅವರು ತಾಲ್ಲೂಕಿನ ಕಾರ್ಯನಿರ್ವಾಹಕ ದಂಡಾಧಿಕಾರಿಯೂ ಹೌದು. ಎಲ್ಲೋ ದೊಡ್ಡ ಗಲಭೆ ಎದ್ದು, ಪೊಲೀಸರಿಂದ ಆಗುತ್ತಿಲ್ಲ ಎನ್ನುವ ಸ್ಥಿತಿ ಬಂತೆಂದುಕೊಳ್ಳಿ. ಸೈನ್ಯ ತಾನಾಗಿಯೇ ನುಗ್ಗುವಂತಿಲ್ಲ. ಜಿಲ್ಲಾಧಿಕಾರಿ, ಇಲ್ಲವೇ ಅವರು ಅಧಿಕಾರ ಕೊಟ್ಟ ದಂಡಾಧಿಕಾರಿ ಸ್ಥಳದಲ್ಲಿದ್ದು ಕೇಳಬೇಕು. 1973ರ ದಂಡಪ್ರಕ್ರಿಯಾ ಸಂಹಿತೆಯ 130ನೆಯ ಕಲಮಿನಲ್ಲಿದ್ದ ಈ ನಿಯಮ ಈಗ, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 149ನೆಯ ಕಲಮಾಗಿದೆ.

ಆ ಕಲಮಿನ ಒಳಗಿನ ಹೆಣಿಗೆ ನೋಡಿ. ಕೇಳಿದ ಮೇಲೆ ಸೈನ್ಯದ ಅಧಿಕಾರಿ ಒಲ್ಲೆ ಅನ್ನುವಂತಿಲ್ಲ. ಆದರೆ ಯಾವ ರೀತಿ ಮಾಡಬೇಕು ಎಂಬುದು ಅವನ ವಿವೇಚನೆಗೆ ಬಿಟ್ಟದ್ದು, ತಹಶೀಲ್ದಾರರು ಅಲ್ಲಿ ನಿಂತು ಎಡಕ್ಕೆ ತಿರುಗು, ಬಲಕ್ಕೆ ಹೊಡಿ ಅನ್ನುವಂತಿಲ್ಲ. ಅಧಿಕಾರಿ ಸಾಧ್ಯವಾದಷ್ಟು ಕಡಿಮೆ ಬಲ ಬಳಸಬೇಕು, ಜೀವಕ್ಕೂ ಸೊತ್ತಿಗೂ ಆದಷ್ಟು ಕಡಿಮೆ ಹಾನಿ ಮಾಡಬೇಕು. ಮುಂದಿನ ಕಲಮು ಇನ್ನೂ ಸೊಗಸು. ದಂಡಾಧಿಕಾರಿ ಯಾರೂ ಸಿಗದಂಥ ತುರ್ತಿನಲ್ಲಿ ಸೈನ್ಯದ ಅಧಿಕಾರಿ ತಾನೇ ಗುಂಪು ಚದುರಿಸಬಹುದು. ಆದರೆ ದಂಡಾಧಿಕಾರಿಯ ಸಂಪರ್ಕ ಸಿಕ್ಕ ಕ್ಷಣದಿಂದ, ಮುಂದುವರಿಸಲೋ ನಿಲ್ಲಿಸಲೋ ಎಂದು ಅವರನ್ನೇ ಕೇಳಿ ನಡೆಯಬೇಕು. ಕರ್ನಲ್ ಆಗಿರಲಿ, ಬ್ರಿಗೇಡಿಯರ್ ಆಗಿರಲಿ, ಆ ಹೊತ್ತಿಗೆ ಉತಾರ ಕೊಡುವ ಸಾಹೇಬರೇ ಮೇಲು.

2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ರಾಮದುರ್ಗ ತಾಲ್ಲೂಕಿನ ನದಿ ದಂಡೆಯ ಹಳ್ಳಿಗಳು ಮುಳುಗಿದ್ದು ನಿಮಗೆ ನೆನಪಿದೆ. ನವಿಲುತೀರ್ಥದ ಅಣೆಕಟ್ಟೆ ತುಂಬಿ ನೀರು ಬಿಟ್ಟರು, ಇತ್ತ ಮಳೆ ನಿಲ್ಲಲಿಲ್ಲ. ಬೆಳಗಾವಿ ಜಿಲ್ಲೆಗೆ ಸೈನ್ಯದ ತುಕಡಿಗಳು ಬಂದವು. ಅವು ಬಂದದ್ದು ಜಿಲ್ಲಾಡಳಿತ ಕೇಳಿದ್ದರಿಂದ, ಹೋದದ್ದು ಜಿಲ್ಲಾಡಳಿತ ಸಾಕು ಎಂದ ಮೇಲೆ. ದೋಣಿ ಎಲ್ಲಿ ಇಳಿಸಬೇಕು, ಹಗ್ಗ ಎಲ್ಲಿ ಕಟ್ಟಬೇಕು ಎಂಬುದು ಅವರ ಕಸುಬು. ಯಾವ ಊರಿಗೆ ಮೊದಲು ಹೋಗಬೇಕು ಎಂಬುದು ಆಡಳಿತದ ತೀರ್ಮಾನ. ಜನ ಕೈಮುಗಿದದ್ದು ಜವಾನರಿಗೆ, ಬೈದದ್ದು ಅಧಿಕಾರಿಗಳಿಗೆ. ಅದೂ ಸರಿಯೇ. ಬೈಸಿಕೊಳ್ಳುವುದು ಆಡಳಿತ ನಡೆಸುವವರ ಕೆಲಸದ ಒಂದು ಭಾಗ.

ಬೈಸಿಕೊಳ್ಳುವ ಮಾತಿಗೆ ಒಂದು ಸಂಗತಿ ಹೇಳಬೇಕು. ಚುನಾವಣೆಯ ದಿನಗಳು, ನಮ್ಮ ಕಡೆಯ ಒಂದು ಚಹಾದಂಗಡಿ. ಒಬ್ಬ ತರುಣ ಪೇಪರು ಮಡಚಿ ಬೆಂಚಿನ ಮೇಲೆ ಬಡಿದು, “ಐದ ವರ್ಷ ಮಿಲ್ಟ್ರಿ ಕೈಯಾಗ ಕೊಟ್ಟ ನೋಡ್ರಿ, ಎಲ್ಲಾರೂ ನೆಟ್ಟಗಾಗ್ತಾರ” ಅಂದ. ಬೆಳಗಾವಿ ಮರಾಠಾ ಲೈಟ್ ಇನ್‌ಫೆಂಟ್ರಿಯಲ್ಲಿ ಸೇವೆ ಮುಗಿಸಿ ಬಂದ ಹವಾಲ್ದಾರರೊಬ್ಬರು ಮಗ್ಗುಲಲ್ಲೇ ಇದ್ದರು. ಬಶಿಯಲ್ಲಿದ್ದ ಚಹಾ ಕುಡಿದು ಮುಗಿಸಿ ಹೇಳಿದರು: “ತಮ್ಮಾ, ಈಗ ನೀ ಪಂಚಾಯತಿ ಅಧ್ಯಕ್ಷಗ ಬೈತಿ, ಎಮ್ಮೆಲ್ಲೆಗ ಬೈತಿ, ಸಂಜಿಕ ಮನಿಗಿ ಹೋಗಿ ಉಂಡ ಮಲಗ್ತಿ. ಮಿಲ್ಟ್ರಿ ಬಂದ್ರ ಯಾರಿಗೆ ಬೈತಿ? ನಮಗ ಇಪ್ಪತ್ತ ವರ್ಷ ‘ಯಸ್ ಸರ್’ ಅನ್ನೂದ ಕಲಿಸ್ಯಾರ. ಊರ ನಡಸೂದ ಯಾರೂ ಕಲಿಸಿಲ್ಲ.” ತರುಣ ಮತ್ತೆ ಪೇಪರು ಬಿಡಿಸಿದ. ಈ ವಿಷಯದ ಬಗ್ಗೆ ನಾನು ಓದಿದ ದಪ್ಪ ಪುಸ್ತಕಗಳಲ್ಲಿ ಇದಕ್ಕಿಂತ ಹೆಚ್ಚಿನದು ಬಹಳ ಇರಲಿಲ್ಲ.

ಆ ಹವಾಲ್ದಾರರ ಮಾತಿನಲ್ಲಿ ಸೈನ್ಯದ ಮೇಲೆ ಅಗೌರವ ಇರಲಿಲ್ಲ. ನಮ್ಮ ಜಿಲ್ಲೆಯಲ್ಲಿ ಅದು ಸಾಧ್ಯವೂ ಇಲ್ಲ. 1922ರಿಂದ ಆ ರೆಜಿಮೆಂಟಿನ ತರಬೇತಿ ಕೇಂದ್ರ ಬೆಳಗಾವಿಯಲ್ಲಿದೆ, ಬೈಲಹೊಂಗಲದ ಸಂಗೊಳ್ಳಿಯಲ್ಲಿ ರಾಯಣ್ಣನ ಹೆಸರಿನ ಸೈನಿಕ ಶಾಲೆ ಇದೆ. ಭರ್ತಿ ಮೇಳ ಎಂದರೆ ನಸುಕಿನಲ್ಲೇ ಹುಡುಗರ ಸಾಲು ಕಾಣುತ್ತದೆ. ಪ್ರೀತಿ ಬೇಕಾದಷ್ಟಿದೆ. ಆ ಪ್ರೀತಿಯ ಹೆಸರಿನಲ್ಲಿ ಪ್ರಶ್ನೆ ಕೇಳುವುದನ್ನೇ ಬಿಟ್ಟುಬಿಡುತ್ತೇವಲ್ಲ, ಅದು ತೊಂದರೆ.

ಪ್ರಶ್ನೆ ಕೇಳಬೇಕಾದ ಜಾಗಗಳು ಇವೆ. ಬೆಳಗಾವಿಯ ಕ್ಯಾಂಪಿನಲ್ಲಿ ಗಟಾರು, ಬೀದಿದೀಪ ನೋಡಿಕೊಳ್ಳುವ ಕಂಟೋನ್ಮೆಂಟ್ ಬೋರ್ಡಿಗೆ ಅಧ್ಯಕ್ಷರು ಕಾನೂನಿನ ಪ್ರಕಾರ ಸೇನಾಧಿಕಾರಿಯೇ, ಜನ ಆರಿಸಿದವರಿಗೆ ಸಿಗುವುದು ಉಪಾಧ್ಯಕ್ಷನ ಕುರ್ಚಿ. ಕಂಪನಿ ಕಾಲದ ಈ ಪಳೆಯುಳಿಕೆ ನಮ್ಮ ಜಿಲ್ಲಾ ಕೇಂದ್ರದಲ್ಲೇ ಇದೆ. ಅದು ಸಣ್ಣದು. ದೊಡ್ಡದು ಈಶಾನ್ಯದ ಬೆಟ್ಟಗಳಲ್ಲೂ ಕಾಶ್ಮೀರದಲ್ಲೂ ಇದೆ. ಈಶಾನ್ಯಕ್ಕೆ 1958ರಲ್ಲಿ, ಕಾಶ್ಮೀರಕ್ಕೆ 1990ರಲ್ಲಿ ಬಂದ ಸಶಸ್ತ್ರ ಪಡೆಗಳ ವಿಶೇಷಾಧಿಕಾರ ಕಾನೂನುಗಳು ಜಾರಿಯಲ್ಲಿರುವ ಕಡೆ, ನಾನು ಈಗಷ್ಟೇ ಹೊಗಳಿದ ತಹಶೀಲ್ದಾರರ ಲಗಾಮು ಕೆಲಸ ಮಾಡುವುದಿಲ್ಲ. ತಪ್ಪು ಮಾಡಿದ ಯೋಧನ ಮೇಲೆ ಮೊಕದ್ದಮೆ ಹೂಡಲು ಕೇಂದ್ರ ಸರಕಾರದ ಪೂರ್ವಾನುಮತಿ ಬೇಕು. ಅನುಮತಿ ಕೊಡುವವರು, ಕೊಡದೆ ಇರುವವರು ಕೋಟು ತೊಟ್ಟವರೇ. ರಾಮದುರ್ಗದಲ್ಲಿ ಇರುವ ರಕ್ಷಣೆ ಅಲ್ಲಿಯ ಹಳ್ಳಿಯವನಿಗೆ ಯಾಕಿಲ್ಲ ಎಂದು ನಮ್ಮ ಸಭೆಗಳಲ್ಲಿ ಯಾರೂ ಕೇಳಿದ್ದು ನಾನು ನೋಡಿಲ್ಲ.

ಕೋಟು ತೊಟ್ಟವರ ಹಕ್ಕು, ಹೊಣೆ ಎರಡಕ್ಕೂ ಉದಾಹರಣೆಯಾಗಿ, ಮಂಗಳೂರಿನ ಜಾರ್ಜ್ ಫರ್ನಾಂಡಿಸ್ ರಕ್ಷಣಾ ಮಂತ್ರಿಯಾಗಿದ್ದಾಗಿನ ಎರಡು ಪ್ರಸಂಗ ಹೇಳುತ್ತೇನೆ. 1998ರ ಡಿಸೆಂಬರ್ 30ರಂದು ನೌಕಾಪಡೆಯ ಮುಖ್ಯಸ್ಥ ವಿಷ್ಣು ಭಾಗವತ್ ಅವರನ್ನು ಸರಕಾರ ವಜಾ ಮಾಡಿತು. ಸ್ವತಂತ್ರ ಭಾರತದಲ್ಲಿ ಪಡೆಯ ಮುಖ್ಯಸ್ಥರೊಬ್ಬರನ್ನು ಹಾಗೆ ತೆಗೆದದ್ದು ಅದೇ ಮೊದಲು. ಅದು ಸರಿಯೋ ತಪ್ಪೋ ಎಂದು ಬಹಳ ವಾದ ನಡೆಯಿತು, ಹಡಗುಗಳು ಮಾತ್ರ ಬಂದರಿನಲ್ಲೇ ಇದ್ದವು. ಬೇರೆ ದೇಶದಲ್ಲಾಗಿದ್ದರೆ ಆ ರಾತ್ರಿ ರೇಡಿಯೊ ಕೇಂದ್ರದ ಮುಂದೆ, ಅಂದರೆ ನಾನು ಈಗ ಕೂತು ಮಾತಾಡುವಂಥ ಜಾಗದ ಮುಂದೆ, ಟ್ಯಾಂಕು ಬಂದು ನಿಲ್ಲುತ್ತಿತ್ತು. ಇನ್ನೊಂದು ಪ್ರಸಂಗ ನನಗೆ ಹೆಚ್ಚು ಇಷ್ಟ. ಸಿಯಾಚಿನ್‌ನ ಯೋಧರಿಗೆ ಬೇಕಾದ ಹಿಮದ ಸ್ಕೂಟರುಗಳ ಕಡತ ಸಚಿವಾಲಯದಲ್ಲಿ ಕೊಳೆಯುತ್ತಿದೆ ಎಂದು ಗೊತ್ತಾದಾಗ ಅವರು, ಅದನ್ನು ತಡೆದು ಕೂತ ಅಧಿಕಾರಿಗಳನ್ನೇ ಸಿಯಾಚಿನ್‌ಗೆ ಹೋಗಿ ನೋಡಿಬರುವಂತೆ ಅಟ್ಟಿದರು. ಮೇಲಿನವರೆಂಬ ಹಕ್ಕು ಇರುವವರಿಗೆ ಚಳಿಯ ಅರಿವೂ ಇರಬೇಕಲ್ಲ.

2020ರ ಜನವರಿಯಿಂದ ಮೂರೂ ಪಡೆಗಳಿಗೆ ಸೇರಿದ ಮುಖ್ಯಸ್ಥರೊಬ್ಬರಿದ್ದಾರೆ. ಅವರು ರಕ್ಷಣಾ ಸಚಿವಾಲಯದ ಒಂದು ಇಲಾಖೆಯ ಕಾರ್ಯದರ್ಶಿಯೂ ಹೌದು. ಸಮವಸ್ತ್ರದವರು ಸಚಿವಾಲಯದ ಒಳಗೆ ಬಂದರೆ ಕೆಲಸ ಬೇಗ ಆಗುತ್ತದೆ ಎನ್ನುವವರಿದ್ದಾರೆ, 1955ರ ಎಚ್ಚರಿಕೆ ಸಡಿಲಾಯಿತು ಎನ್ನುವವರೂ ಇದ್ದಾರೆ. ನನಗೆ ಇದರಲ್ಲಿ ದೊಡ್ಡ ಭಯವಿಲ್ಲ. ಭಯ ಇರುವುದು ಸಂಸತ್ತಿನ ಬಗ್ಗೆ. 2018ರ ಮಾರ್ಚಿನಲ್ಲಿ ಲೋಕಸಭೆ ಎಲ್ಲ ಇಲಾಖೆಗಳ ಅನುದಾನದ ಬೇಡಿಕೆಗಳನ್ನು, ರಕ್ಷಣೆಯದನ್ನೂ ಸೇರಿಸಿ, ಗದ್ದಲದ ನಡುವೆ ಚರ್ಚೆಯೇ ಇಲ್ಲದೆ ಒಪ್ಪಿತು. ಸಂಸತ್ತಿನ ಪರಿಭಾಷೆಯಲ್ಲಿ ಅದಕ್ಕೆ ಗಿಲೊಟಿನ್ ಅನ್ನುತ್ತಾರೆ. ಪೋಸ್ಟರುಗಳಲ್ಲಿ ಯೋಧರ ಫೋಟೊ ಹಾಕಬೇಡಿ ಎಂದು 2019ರಲ್ಲಿ ಚುನಾವಣಾ ಆಯೋಗ ಪಕ್ಷಗಳಿಗೆ ಮತ್ತೊಮ್ಮೆ ಬರೆಯಬೇಕಾಯಿತು. ಫೋಟೊ ಬೇಕು, ಚರ್ಚೆ ಬೇಡ!

ಸುರೇಬಾನ, ರಾಮದುರ್ಗ, ಸವದತ್ತಿ, ಬೈಲಹೊಂಗಲದವರು ಮತ ಹಾಕುವುದು ಬೆಳಗಾವಿ ಲೋಕಸಭಾ ಕ್ಷೇತ್ರಕ್ಕೆ. ಕಿತ್ತೂರಿನವರದು ಉತ್ತರ ಕನ್ನಡ. ನಿಮ್ಮ ಸಂಸದರು ಊರಿಗೆ ಬಂದಾಗ ರಸ್ತೆ, ರೈಲು, ಕೆರೆ ತುಂಬಿಸುವ ಮಾತು ಕೇಳಿ, ಬೇಡ ಅನ್ನುವುದಿಲ್ಲ. ರಕ್ಷಣಾ ಖಾತೆಯ ಬೇಡಿಕೆ ಸದನಕ್ಕೆ ಬಂದ ದಿನ ನೀವು ಅಲ್ಲಿದ್ದಿರಾ, ಏನು ಕೇಳಿದಿರಿ ಎಂಬುದನ್ನೂ ಒಂದು ಸಲ ಕೇಳಿ ನೋಡಿ.

ಸಮವಸ್ತ್ರದಲ್ಲಿರುವ ನಮ್ಮ ಹುಡುಗರು ಅದನ್ನು ಕೇಳುವಂತಿಲ್ಲ. ಸಂವಿಧಾನದ 33ನೆಯ ವಿಧಿ ಅವರ ಮೂಲಭೂತ ಹಕ್ಕುಗಳಿಗೆ ಮಿತಿ ಹಾಕುವ ಅಧಿಕಾರವನ್ನು ಸಂಸತ್ತಿಗೆ ಕೊಟ್ಟಿದೆ, 1950ರ ಸೇನಾ ಕಾಯ್ದೆ ಆ ಮಿತಿ ಹಾಕಿದೆ. ಪಕ್ಷ ಸೇರುವಂತಿಲ್ಲ, ರಾಜಕೀಯ ಸಭೆಯಲ್ಲಿ ಮಾತಾಡುವಂತಿಲ್ಲ. ಆದರೆ ಮತದಾನದ ಹಕ್ಕನ್ನು ಕಸಿದಿಲ್ಲ. ತನ್ನ ಮುಖ್ಯಸ್ಥನಿಗೆ ಯಾರು ಹುಕುಂ ಕೊಡಬೇಕು ಎಂದು ಆರಿಸುವ ಪಾಲು ಸಿಪಾಯಿಗೂ ಇದೆ. ಮೊದಲು ಮತಪತ್ರ ಅಂಚೆಯಲ್ಲಿ ಹೋಗಿ ಅಂಚೆಯಲ್ಲೇ ಬರಬೇಕಿತ್ತು, ಎಷ್ಟೋ ಸಲ ಎಣಿಕೆ ಮುಗಿದ ಮೇಲೆ ಮುಟ್ಟುತ್ತಿತ್ತು. ಈಗ ಅದು ಕಂಪ್ಯೂಟರಿನ ಮೂಲಕ ಅವನ ಘಟಕಕ್ಕೆ ಹೋಗುತ್ತದೆ. ಅಲ್ಲಿ ಅಚ್ಚು ತೆಗೆದು, ಗುರುತು ಹಾಕಿ, ಲಕೋಟೆಗೆ ಸೇರಿಸಿ ಅಂಚೆಗೆ ಕೊಡಬೇಕು. ಎಣಿಕೆಯ ದಿನ ಬೆಳಿಗ್ಗೆ ಎಂಟು ಗಂಟೆಯೊಳಗೆ ಚುನಾವಣಾಧಿಕಾರಿಯ ಕೈಗೆ ಮುಟ್ಟಿದರೆ ಮಾತ್ರ ಅದು ಲೆಕ್ಕಕ್ಕೆ ಬರುತ್ತದೆ. ಮನೆಯಲ್ಲಿ ದಂಡಿಗೆ ಹೋದ ಮಗನೋ ತಮ್ಮನೋ ಇದ್ದರೆ, ಫೋನು ಮಾಡಿದಾಗ ಲಕೋಟೆ ಬೇಗ ಹಾಕು ಎಂದು ನೆನಪಿಸಿ.